ಇಂಜೆರಾ ಊಟದ ಹಿತಮಿತ

ಇಥಿಯೋಪಿಯಾದ ಊಟಕ್ಕೆ ಇಂಜೆರಾವೇ ಆಧಾರ: ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸಿದ, ಮೈತುಂಬ ತೂತುಗಳಿರುವ ಅಗಲ ದೋಸೆ. ಟೆಫ್‌ನಲ್ಲಿ ನಾರಿನಂಶ ಚೆನ್ನಾಗಿದೆ, ಗ್ಲುಟೆನ್ ಇಲ್ಲ. ಆದರೆ ಹೋಟೆಲುಗಳಲ್ಲಿ ಗೋಧಿ, ಬಾರ್ಲಿ ಬೆರೆಸುವುದುಂಟು. ಗ್ಲುಟೆನ್ ಆಗದವರು ಕೇಳಿಯೇ ತಿನ್ನಬೇಕು.

ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಬಿಡುವುದರಿಂದ ಉಪವಾಸದ ಅಡುಗೆ ಸಮೃದ್ಧವಾಗಿದೆ. ಕೆಂಪು ಬೇಳೆಯ ಮಿಸಿರ್ ವೊಟ್, ಕಡಲೆಹಿಟ್ಟಿನ ಶಿರೊ, ಸೊಪ್ಪಿನ ಗೊಮೆನ್ ಒಟ್ಟಿಗೆ ಬರುವ ಬೆಯೈನೆತು ತಟ್ಟೆ ಆರಿಸಿಕೊಂಡರೆ ಅರ್ಧ ಚಿಂತೆ ಮುಗಿದಂತೆ. ಎಣ್ಣೆಯ ಕೈ ಮಾತ್ರ ಧಾರಾಳ. ತಟ್ಟೆಯ ತಳದ ಇಂಜೆರಾ ಅದನ್ನೆಲ್ಲ ಹೀರಿಕೊಂಡಿರುತ್ತದೆ. ರುಚಿಯೂ ಅಲ್ಲೇ ಹೆಚ್ಚು, ಹಾಗಾಗಿ ನಾಲ್ಕು ತುತ್ತಿಗೆ ನಿಲ್ಲಿಸುವುದು ಮೇಲು. ಮಾಂಸದ ಅಡುಗೆಗೆ ಬಂದರೆ, ದನದ ಹಸಿ ಮಾಂಸದ ಕಿಟ್ಫೊವನ್ನು ಗರ್ಭಿಣಿಯರು ಪೂರ್ತಿ ಬೇಯಿಸಿಯೇ ತರಿಸಿಕೊಳ್ಳಬೇಕು.