ಇಂದಿನ ಧಮ್ಮ ಚಿಂತನೆ: ರಕ್ಖಿತ ಎಂಬ ಹೆಸರು




ಮೊನ್ನೆ ಬಳಗದ ತಂಗಿಯೊಬ್ಬಳು ಕೇಳಿದಳು: "ಅಕ್ಕಾ, ಮಗುವಿಗೆ ಪಾಲಿ ಹೆಸರು ಇಡಬೇಕು ಅಂತ ಆಸೆ. ಮನೆಯಲ್ಲಿ ಯಾರೂ ಒಪ್ತಾ ಇಲ್ಲ. ಎಂತ ಮಾಡ್ಲಿ?" ಉತ್ತರವಾಗಿ ನನ್ನ ಮನೆಯ ಸಂಗತಿಯನ್ನೇ ಬರೆಯುತ್ತಿದ್ದೇನೆ.

ಎಂಟು ವರ್ಷದ ಹಿಂದೆ ಮಗ ಹುಟ್ಟಿದಾಗ ನಾನು ಆರಿಸಿದ ಹೆಸರು ರಕ್ಖಿತ. ಅಶೋಕನ ಕಾಲದಲ್ಲಿ ಪಾಟಲಿಪುತ್ರದ ಮೂರನೆಯ ಸಂಗೀತಿ ಮುಗಿದ ಮೇಲೆ ಧಮ್ಮ ಸಾರಲು ಥೇರರನ್ನು ನಾನಾ ನಾಡುಗಳಿಗೆ ಕಳಿಸಿದರು; ವನವಾಸಕ್ಕೆ ಬಂದವರು ರಕ್ಖಿತ ಥೇರರು ಎನ್ನುತ್ತದೆ ಮಹಾವಂಸ. ಆ ವನವಾಸ ನಮ್ಮ ಶಿರಸಿ ತಾಲ್ಲೂಕಿನ ಬನವಾಸಿಯೇ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಎಂ.ಎ. ಓದುವಾಗ ಪಂಪನ ಬನವಾಸಿಯ ಪಾಠ ಕೇಳಿದ್ದೆ. ರಕ್ಖಿತ ಥೇರರ ಬನವಾಸಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅತ್ತೆ ಮಂಜುನಾಥನಿಗೆ ಹರಕೆ ಹೊತ್ತಿದ್ದರು. "ಇದೆಂಥಾ ಹೆಸ್ರು ಮಾರಾಯ್ತಿ? ನಾಲಿಗೆ ತಿರುಗೂದಿಲ್ಲ. ನಿಮ್ಮ ಹೋರಾಟ ನಿಮಗಿರ್ಲಿ, ಕೂಸಿನ ತಲೆ ಮೇಲೆ ಯಾಕೆ?" ಅಂದರು. ನಾದಿನಿ, "ಹೋಗಲಿ, ರಕ್ಷಿತ್ ಅಂತ ಇಡಿ. ಅರ್ಥ ಒಂದೇ ಅಲ್ವಾ?" ಅಂದಳು.

ಅರ್ಥ ಒಂದೇ, ನಿಜ. ಸಂಸ್ಕೃತದ 'ಕ್ಷ' ಪಾಲಿಯಲ್ಲಿ 'ಕ್ಖ' ಆಗುತ್ತದೆ, ಭಿಕ್ಷು ಭಿಕ್ಖು ಆದ ಹಾಗೆ. ಆದರೆ ಅತ್ತೆಯ ಮಾತು ಮನಸ್ಸಿಗೆ ನಾಟಿತು. ದಿನವೂ ಹಾಜರಿ ಕರೆಯುವವಳು ನಾನು. ಹೆಸರು ಕೇಳಿದೊಡನೆ "ಯಾವ ಪೈಕಿ?" ಎಂದು ಜಾತಿ ಹುಡುಕುವವರು ಎಷ್ಟು ಜನ ಎಂದು ಬಲ್ಲೆ.

ಆ ದಿನಗಳಲ್ಲಿ ಓದಿದ್ದು ನಾಮಸಿದ್ಧಿ ಜಾತಕ. ಪಾಪಕ ಎಂಬ ಶಿಷ್ಯನಿಗೆ ತನ್ನ ಹೆಸರೇ ಅಪಶಕುನ ಎನಿಸುತ್ತದೆ. "ಹೋಗಿ ಒಳ್ಳೆಯ ಹೆಸರು ಹುಡುಕಿ ಬಾ" ಎನ್ನುತ್ತಾರೆ ಗುರು. ದಾರಿಯಲ್ಲಿ ಒಂದು ಹೆಣ. ಸತ್ತವನ ಹೆಸರು ಜೀವಕ. ಕೂಲಿ ತರಲಿಲ್ಲವೆಂದು ಒಡೆಯರಿಂದ ಏಟು ತಿನ್ನುತ್ತಿರುವ ದಾಸಿ. ಅವಳ ಹೆಸರು ಧನಪಾಲಿ. ದಾರಿ ತಪ್ಪಿದವನೊಬ್ಬ, ಅವನ ಹೆಸರು ಪಂಥಕ. ಹೆಸರು ಬರೀ ಗುರುತಿಗೆ ಎಂದು ತಿಳಿದು ಪಾಪಕ ಮರಳಿ ಬರುತ್ತಾನೆ.

ಹಾಗಾದರೆ ಮಂಜುನಾಥ ಅಂತಲೇ ಇಟ್ಟರೆ ಏನಾಯಿತು? ಹೀಗೆ ಯೋಚಿಸುವಾಗ ನೆನಪಾದದ್ದು ನಮ್ಮ ಮಾವನವರ ತಂದೆ. ಶನಿವಾರ ಹುಟ್ಟಿದ್ದಕ್ಕೆ ಅವರು ಶನಿಯ. ಅಡಿಕೆ ತೋಟದಲ್ಲಿ ಮುಪ್ಪಿನವರೆಗೂ "ಏ ಶನಿ" ಎಂದೇ ಕರೆಸಿಕೊಂಡರು. ಮನುಸ್ಮೃತಿಯ 2ನೇ ಅಧ್ಯಾಯದ 31ನೇ ಶ್ಲೋಕ ಬ್ರಾಹ್ಮಣನಿಗೆ ಮಂಗಳದ ಹೆಸರು, ಶೂದ್ರನಿಗೆ ಹೇಸಿಗೆಯ ಹೆಸರು ಎಂದು ವಿಧಿಸುತ್ತದೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಆ ಗ್ರಂಥವನ್ನೇ.

ಜಾತಕವೂ ಬಾಬಾಸಾಹೇಬರೂ ಎದುರುಬದುರಾಗಿದ್ದಾರೆಯೇ? ಇಲ್ಲ ಎಂದು ಈಗ ನನಗೆ ಅನಿಸುತ್ತದೆ. ಹೆಸರು ಮನುಷ್ಯನನ್ನು ಮಾಡುವುದಿಲ್ಲ ಎಂಬುದು ಜಾತಕದ ಮಾತು. ಶನಿಯ ಎಂಬ ಹೆಸರಿನಿಂದ ನಮ್ಮ ಅಜ್ಜ ಕೀಳಾಗಲಿಲ್ಲ, ರಕ್ಖಿತ ಎಂಬ ಹೆಸರಿನಿಂದ ನನ್ನ ಮಗ ದೊಡ್ಡವನಾಗುವುದೂ ಇಲ್ಲ. ಆದರೆ ಕರೆಯುವುದು ಒಂದು ಕರ್ಮ. ಅದು ಸಮ್ಮಾ ವಾಚಾಕ್ಕೆ ಸೇರಿದ್ದು. ಹೀನವಾಗಿ ಕರೆದವನ ಕರ್ಮ ಅವನದು. ಗೌರವದಿಂದ ಕರೆಯುವುದು ನಮ್ಮದು.

ಹೆಸರು ರಕ್ಖಿತ ಎಂದೇ ಆಯಿತು. ಪ್ರಮಾಣಪತ್ರದಲ್ಲಿ ಮೊದಲು 'ರಕ್ಷಿತ್' ಎಂದು ಬಂದು, ಎರಡು ಸಲ ಓಡಾಡಿ ತಿದ್ದಿಸಿದೆವು. ಅತ್ತೆ ಇಂದಿಗೂ "ಮಂಜೂ" ಎಂದೇ ಕರೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಇಲ್ಲ. ಅವರ ದನಿಯಲ್ಲಿ ಮೈತ್ರಿ ಇದೆ. ಮಗ ಎರಡಕ್ಕೂ ಓಗೊಡುತ್ತಾನೆ.

ತಂಗೀ, ಅವಸರ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಲ್ಲಿಯವರೆಗೆ ಹಿರಿಯರ ಜೊತೆ ಕೂತು ಮಾತಾಡು. ಹೆಸರಿನ ಕಥೆ ಹೇಳು. ಅವರು ಒಪ್ಪದಿದ್ದರೂ ಅವರ ಮೇಲಿನ ಪ್ರೀತಿ ಬಿಡಬೇಡ.

ಇಂದಿನ ಅಭ್ಯಾಸ: ಇಂದು ನೀವು ಕರೆಯುವ ಪ್ರತಿಯೊಬ್ಬರನ್ನೂ, ಮನೆಯ ಮಗುವಿನಿಂದ ಹಿಡಿದು ಬೀದಿ ಗುಡಿಸುವ ಅಕ್ಕನವರೆಗೆ, ಪೂರ್ತಿ ಹೆಸರಿನಿಂದ ಕರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಿರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.