ಗೇರು: ಬಲ ಮತ್ತು ವೇಗಗಳ ವಿನಿಮಯ

ಕಡಿದಾದ ಏರಿನ ಬುಡಕ್ಕೆ ಬಂದೊಡನೆ ಬಸ್ಸಿನ ಚಾಲಕನು ಗೇರನ್ನು ಬದಲಾಯಿಸುವುದನ್ನು ವಾಚಕರು ಗಮನಿಸಿರಬಹುದು. ಎಂಜಿನು ಗಟ್ಟಿಯಾಗಿ ಮೊರೆಯುತ್ತದೆ; ಬಸ್ಸಾದರೋ ವೇಗವನ್ನು ಕಳೆದುಕೊಂಡರೂ ನಿಲ್ಲದೆ ಏರುತ್ತದೆ. ಎಂಜಿನು ಮೊದಲಿನದೇ, ಇಂಧನವೂ ಅದೇ. ಹಾಗಾದರೆ ಈ ಹೆಚ್ಚಿನ ಬಲವು ಎಲ್ಲಿಂದ ಬಂದಿತು? ಗೇರೇ ಅದನ್ನು ಹುಟ್ಟಿಸಿತೆಂದು ತಿಳಿಯುವವರುಂಟು. ಗೇರು ಏನನ್ನೂ ಹುಟ್ಟಿಸುವುದಿಲ್ಲ. ಒಂದನ್ನು ಪಡೆದು ಇನ್ನೊಂದನ್ನು ಕೊಡುತ್ತದೆ. ಇದನ್ನು ಒಂದು ನಿಜವಾದ ಕಾರಿನ ಲೆಕ್ಕದಿಂದಲೇ ತಿಳಿಯೋಣ.

1908ರಿಂದ 1927ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ ‘ಮಾಡೆಲ್ ಟಿ’ ಕಾರಿಗೆ ಮುಂದಕ್ಕೆ ಚಲಿಸಲು ಇದ್ದವು ಎರಡೇ ಗೇರುಗಳು. ಆದುದರಿಂದ ನಮ್ಮ ಲೆಕ್ಕಕ್ಕೆ ಅದು ಬಹಳ ಅನುಕೂಲವಾದುದು. ಅದರ ಹಿಂದಿನ ಅಚ್ಚಿನಲ್ಲಿ 11 ಹಲ್ಲುಗಳ ಚಿಕ್ಕ ಚಕ್ರವೊಂದು 40 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು. ಹಲ್ಲಿಗೆ ಹಲ್ಲು ಕೂಡುವುದರಿಂದ ಚಿಕ್ಕದು 3.64 ಸುತ್ತು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗುತ್ತದೆ. ಹಲ್ಲುಗಳು ಕೂಡುವಲ್ಲಿ ಎರಡು ಚಕ್ರಗಳ ಮೇಲೂ ಬಲವು ಒಂದೇ. ಆದರೆ ದೊಡ್ಡ ಚಕ್ರದ ತ್ರಿಜ್ಯವು 3.64ರಷ್ಟು ಹೆಚ್ಚು. ಬಲವನ್ನು ತ್ರಿಜ್ಯದಿಂದ ಗುಣಿಸಿದಾಗ ಬರುವ ತಿರುಚುಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಇದು ಸನ್ನೆಗೋಲಿನ ತತ್ತ್ವವಲ್ಲದೆ ಬೇರೆಯಲ್ಲ. ಮೇಲಿನ ಗೇರಿನಲ್ಲಿ ಇದೊಂದೇ ನಿಷ್ಪತ್ತಿ. ಕೆಳಗಿನ ಗೇರಿನಲ್ಲಿ ಇದರೊಡನೆ ಇನ್ನೊಂದು 2.75 ಪಟ್ಟು ಸೇರಿ, ಒಟ್ಟು 10 ಪಟ್ಟು ಆಗುತ್ತಿತ್ತು.

ಈ ಎಂಜಿನು ನಿಮಿಷಕ್ಕೆ 900 ಸುತ್ತುಗಳಲ್ಲಿ ಸುಮಾರು 112 ನ್ಯೂಟನ್-ಮೀಟರ್ ತಿರುಚುಬಲವನ್ನು ಕೊಡುತ್ತಿತ್ತು. ಗಾಲಿಯ ವ್ಯಾಸ 76 ಸೆಂಟಿಮೀಟರ್. ಯಂತ್ರದೊಳಗಿನ ಘರ್ಷಣೆಯನ್ನು ಗಣಿಸದಿದ್ದರೆ, ಮೇಲಿನ ಗೇರಿನಲ್ಲಿ ಗಾಲಿಯು ನೆಲವನ್ನು ತಳ್ಳುವ ಬಲ 1,070 ನ್ಯೂಟನ್. ಆಗ ಕಾರಿನ ವೇಗ ಸೆಕೆಂಡಿಗೆ 9.9 ಮೀಟರ್. ಕೆಳಗಿನ ಗೇರಿನಲ್ಲಿ ಬಲ 2,950 ನ್ಯೂಟನ್, ವೇಗ 3.6 ಮೀಟರ್ ಮಾತ್ರ. ಈಗ ಬಲವನ್ನು ವೇಗದಿಂದ ಗುಣಿಸಿ ನೋಡಿ: ಎರಡೂ ಕಡೆ ಸುಮಾರು 10,600 ವಾಟ್. ಈ ಗುಣಲಬ್ಧವೇ ಸಾಮರ್ಥ್ಯ. ಬಲವು ಎಷ್ಟು ಪಟ್ಟು ಹೆಚ್ಚಿತೋ ವೇಗವು ಅಷ್ಟೇ ಪಟ್ಟು ಇಳಿಯಿತು, ಸಾಮರ್ಥ್ಯವು ಬದಲಾಗಲಿಲ್ಲ.

ವೇಗೋತ್ಕರ್ಷದ ವಿಷಯವು ಇದರಿಂದಲೇ ಸ್ಪಷ್ಟವಾಗುತ್ತದೆ. ಜನರೂ ಸೇರಿ ಕಾರಿನ ದ್ರವ್ಯರಾಶಿಯನ್ನು 750 ಕಿಲೋಗ್ರಾಂ ಎಂದು ಹಿಡಿಯೋಣ. ನ್ಯೂಟನ್ನನ ಎರಡನೆಯ ನಿಯಮದಂತೆ, ಹೊರಗಿನ ತಡೆಗಳನ್ನು ಬಿಟ್ಟರೆ, ಮೇಲಿನ ಗೇರಿನಲ್ಲಿ ದೊರೆಯುವ ವೇಗೋತ್ಕರ್ಷ 1.4 ಮೀಟರ್/ಸೆಕೆಂಡ್², ಕೆಳಗಿನದರಲ್ಲಿ 3.9. ಆದುದರಿಂದಲೇ ನಿಂತ ಕಾರು ಕೆಳಗಿನ ಗೇರಿನಲ್ಲಿ ಹೊರಡಬೇಕು. ಆದರೆ ಆ ಗೇರಿನಲ್ಲಿಯೇ ಉಳಿಯುವಂತಿಲ್ಲ. ಎಂಜಿನು ತನ್ನ ಗರಿಷ್ಠ ಸಾಮರ್ಥ್ಯವಾದ 20 ಅಶ್ವಶಕ್ತಿಯನ್ನು ಕೊಡುತ್ತಿದ್ದುದು ನಿಮಿಷಕ್ಕೆ 1,600 ಸುತ್ತುಗಳಲ್ಲಿ. ಅಷ್ಟು ಸುತ್ತುಗಳಿಗೆ ಕೆಳಗಿನ ಗೇರಿನಲ್ಲಿ ಕಾರಿನ ವೇಗ ಗಂಟೆಗೆ 23 ಕಿಲೋಮೀಟರ್, ಮೇಲಿನದರಲ್ಲಿ 63.

ಕಡಿದಾದ ಬೆಟ್ಟಗಳನ್ನು ಈ ಕಾರಿನವರು ಹಿಂದುಮುಂದಾಗಿ ಏರುತ್ತಿದ್ದುದುಂಟು! ಹಿಮ್ಮುಖದ ಗೇರಿನ ನಿಷ್ಪತ್ತಿ 2.75ರ ಬದಲು 4 ಆಗಿದ್ದುದರಿಂದ ಬಲವು ಇನ್ನೂ ಹೆಚ್ಚುತ್ತಿತ್ತು. ಪೆಟ್ರೋಲು ಪಂಪಿಲ್ಲದೆ ತನ್ನ ಭಾರದಿಂದಲೇ ಎಂಜಿನಿಗೆ ಹರಿಯಬೇಕಾಗಿದ್ದುದು ಇನ್ನೊಂದು ಕಾರಣ.

ಹಾಗಾದರೆ ಅಚ್ಚಿನ ನಿಷ್ಪತ್ತಿಯನ್ನು ತಗ್ಗಿಸುತ್ತ ಹೋದರೆ ಗರಿಷ್ಠ ವೇಗವು ಏರುತ್ತಲೇ ಹೋಗುವುದೇ? 3.64ರ ಬದಲು 3 ನಿಷ್ಪತ್ತಿಯ ಗೇರನ್ನು ಹಾಕಿಸಿಕೊಂಡವರಿದ್ದರು. 1,600 ಸುತ್ತುಗಳಿಗೆ ಆಗ ವೇಗ 77 ಕಿಲೋಮೀಟರ್ ಆಗಬೇಕು. ಆದರೆ ಗಾಲಿಯ ಬಲವು ಶೇಕಡ 18ರಷ್ಟು ಕುಗ್ಗಿದೆ. ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಬೆಳೆಯುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಬೆಳೆಯುತ್ತದೆ. 63ರಿಂದ 77ಕ್ಕೆ ಏರಲು ಗಾಳಿಯೊಂದಕ್ಕೇ ಸುಮಾರು 1.8 ಪಟ್ಟು ಸಾಮರ್ಥ್ಯ ಬೇಕು. ಅಷ್ಟು ಉಳಿತಾಯವು ಎಂಜಿನಿನಲ್ಲಿ ಇಲ್ಲದಿದ್ದರೆ ಕಾಗದದ ಮೇಲಿನ 77 ರಸ್ತೆಯ ಮೇಲೆ ಬಾರದು. ತಡೆಗಳಿಗೆ ಬೇಕಾಗುವ ಸಾಮರ್ಥ್ಯವು ಎಂಜಿನಿನ ಗರಿಷ್ಠ ಸಾಮರ್ಥ್ಯಕ್ಕೆ ಸರಿಯಾಗುವ ವೇಗವೊಂದುಂಟು. ಆ ವೇಗದಲ್ಲಿ ಎಂಜಿನು ಗರಿಷ್ಠ ಸಾಮರ್ಥ್ಯದ ಸುತ್ತುಗಳಲ್ಲಿಯೇ ತಿರುಗುವಂತೆ ಮಾಡುವ ನಿಷ್ಪತ್ತಿಯೇ ಗರಿಷ್ಠ ವೇಗಕ್ಕೆ ಅತ್ಯುತ್ತಮವಾದುದು. ನಿಷ್ಪತ್ತಿಯು ಅದಕ್ಕಿಂತ ಹೆಚ್ಚಾದರೂ ಕಡಮೆಯಾದರೂ ವೇಗಕ್ಕೆ ನಷ್ಟವೇ.

ಇಂದಿನ ಕಾರುಗಳಲ್ಲಿ ಐದಾರು ಗೇರುಗಳಿರುವುದೇಕೆಂಬುದು ಈಗ ತಿಳಿಯುತ್ತದೆ. ಕಾರಿನ ವೇಗವು ಏನೇ ಇರಲಿ, ಎಂಜಿನು ತನಗೆ ಒಪ್ಪುವ ಸುತ್ತುಗಳ ಬಳಿಯಲ್ಲಿಯೇ ತಿರುಗುತ್ತಿರಲೆಂಬುದೇ ಅದರ ಉದ್ದೇಶ. ಗೇರಿನ ಉಪಯೋಗವು ಏರಿಗೆ ಮಾತ್ರವಲ್ಲ. ಘಾಟಿಯನ್ನು ಇಳಿಯುವಾಗಲೂ ಕೆಳಗಿನ ಗೇರು ಬೇಕು. ಆಗ ಗಾಲಿಗಳೇ ಎಂಜಿನನ್ನು ತಿರುಗಿಸುತ್ತವೆ. ಎಂಜಿನಿನ ತಡೆಯೂ ಅದೇ ನಿಷ್ಪತ್ತಿಯಂತೆ ಗುಣಿತವಾಗಿ ಗಾಲಿಯನ್ನು ಹಿಡಿಯುತ್ತದೆ. ಬ್ರೇಕನ್ನೇ ನಂಬಿ ಮೇಲಿನ ಗೇರಿನಲ್ಲಿ ಇಳಿಯುವವನ ಬ್ರೇಕು ಕಾದು, ತನ್ನ ಹಿಡಿತವನ್ನು ಕಳೆದುಕೊಳ್ಳಬಹುದು. ಈ ತತ್ತ್ವವನ್ನು ಅರಿತು ನಡೆಸುವ ಚಾಲಕನಿಂದ ಎಷ್ಟೋ ಜೀವಗಳು ಸುರಕ್ಷಿತವಾಗಿ ಊರು ಸೇರುತ್ತವೆ.

ವಿದ್ಯಾರ್ಥಿಗಳು ತಮ್ಮ ಸೈಕಲ್ಲಿನ ಎರಡು ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿ, ಗಾಲಿಯ ಸುತ್ತಳತೆಯನ್ನು ಅಳೆದು, ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಸಾಗುವುದೆಂಬುದನ್ನು ತಾವೇ ಲೆಕ್ಕ ಹಾಕಬಹುದು. ಅನಂತರ ರಸ್ತೆಯ ಮೇಲೆ ಅಳೆದು ಉತ್ತರವನ್ನು ಪರೀಕ್ಷಿಸಬಹುದು.