ಬಾಡಿಗೆ ಗರ್ಭ: ತಾಯಿ ಯಾರು?

ಮದುವೆಯಾಗಿ ಹತ್ತು ಹನ್ನೆರಡು ವರ್ಷಗಳಾದರೂ ಮಡಿಲು ತುಂಬದ ದಂಪತಿಗಳ ನೋವು ಅನುಭವಿಸಿದವರಿಗೇ ಗೊತ್ತು. ಸಂತಾನದ ಬಯಕೆ ತಪ್ಪಲ್ಲ. ಪ್ರವಾದಿ ಝಕರಿಯ್ಯಾ(ಅ)ರವರು ಇಳಿವಯಸ್ಸಿನಲ್ಲೂ ಸಂತಾನಕ್ಕಾಗಿ ಪ್ರಾರ್ಥಿಸಿದ್ದರು. ಚಿಕಿತ್ಸೆ ಪಡೆಯುವುದನ್ನೂ ಇಸ್ಲಾಮ್ ತಡೆಯುವುದಿಲ್ಲ. ಆದರೆ ಗರ್ಭ ಹೊರಲಾಗದ ಸ್ತ್ರೀಯೊಬ್ಬಳಿಗೆ, "ನಿಮ್ಮಿಬ್ಬರ ಭ್ರೂಣವನ್ನು ಹೊರದೇಶದಲ್ಲಿ ಬೇರೊಬ್ಬಳು ಹೊತ್ತು ಹೆತ್ತು ಕೊಡುತ್ತಾಳೆ, ಅಲ್ಲಿ ಕಾನೂನಿನ ಅಡ್ಡಿಯಿಲ್ಲ" ಎಂದು ಯಾರಾದರೂ ಹೇಳಿದರೆ?

1986ರ ಅಕ್ಟೋಬರ್‌ನಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಕೃತಕ ಗರ್ಭಧಾರಣೆಯ ಏಳು ವಿಧಾನಗಳನ್ನು ಪರಿಶೀಲಿಸಿತು. ಪತಿಯ ವೀರ್ಯಾಣು ಮತ್ತು ಪತ್ನಿಯ ಅಂಡಾಣು ಸೇರಿ ಅದೇ ಪತ್ನಿಯ ಗರ್ಭದಲ್ಲಿ ಬೆಳೆಯುವ ಎರಡು ವಿಧಾನಗಳನ್ನು ಮಾತ್ರ ಅಗತ್ಯವಿದ್ದಾಗ ಅನುಮತಿಸಿತು. ಮೂರನೆಯವರ ವೀರ್ಯ, ಅಂಡ ಅಥವಾ ಗರ್ಭ ನಡುವೆ ಬರುವ ಉಳಿದ ಐದೂ ನಿಷಿದ್ಧವೆಂದಿತು.

ಇದಕ್ಕಿಂತ ಮೊದಲು ಮಕ್ಕಾದ ಫಿಕ್ಹ್ ಮಂಡಳಿಯಲ್ಲಿ ನಡೆದ ಚರ್ಚೆ ಗಮನಾರ್ಹವಾದುದು. ಒಬ್ಬ ಪತ್ನಿಯ ಭ್ರೂಣವನ್ನು ಅದೇ ಪತಿಯ ಇನ್ನೊಬ್ಬ ಪತ್ನಿ ಹೊರಬಹುದೆಂದು 1984ರಲ್ಲಿ ಮಂಡಳಿ ಒಪ್ಪಿತ್ತು. 1985ರಲ್ಲಿ ಆ ಅನುಮತಿಯನ್ನು ಹಿಂದಕ್ಕೆ ಪಡೆಯಿತು. ಭ್ರೂಣವಿಟ್ಟ ದಿನಗಳಲ್ಲೇ ಆ ಎರಡನೆಯ ಪತ್ನಿ ಸ್ವತಃ ಗರ್ಭ ಧರಿಸಿ ಅವಳಿ ಮಕ್ಕಳು ಹುಟ್ಟಿದರೆ ಯಾವ ಮಗು ಯಾರದು? ಒಂದೇ ಮನೆಯೊಳಗೇ ಈ ಗೊಂದಲವಿದ್ದರೆ, ಸಾವಿರಾರು ಮೈಲಿ ದೂರದ ಅಪರಿಚಿತ ಸ್ತ್ರೀಯ ಬಗ್ಗೆ ಏನು ಹೇಳಬೇಕು? ಇರಾನಿನ ಅನೇಕ ಶಿಯಾ ವಿದ್ವಾಂಸರು ಇದನ್ನು ಅನುಮತಿಸಿದ್ದಾರೆಂಬುದೂ ನಿಜ. ಆದರೆ ತಾಯಿ ಯಾರೆಂಬ ಬಗ್ಗೆ ಅವರಲ್ಲೂ ಒಮ್ಮತವಿಲ್ಲ.

ಪತ್ನಿಯನ್ನು ತಾಯಿಗೆ ಹೋಲಿಸಿ ದೂರ ಮಾಡುವ ಅಜ್ಞಾನಕಾಲದ ಪದ್ಧತಿಯನ್ನು ಖಂಡಿಸುತ್ತಾ, ಹೆತ್ತವಳೇ ತಾಯಿ ಎಂದು ಸೂರಃ ಅಲ್ ಮುಜಾದಲಃದ ಆರಂಭದಲ್ಲಿ ಹೇಳಲಾಗಿದೆ. ಬಹುಪಾಲು ವಿದ್ವಾಂಸರು ಇದನ್ನೇ ಆಧಾರವಾಗಿಟ್ಟಿದ್ದಾರೆ. ಅಂಡಾಣು ಕೊಟ್ಟವಳೇ ತಾಯಿ, ಹೊತ್ತವಳು ಹಾಲುಣಿಸಿದ ತಾಯಿಯಂತೆ ಎಂದವರೂ ಇದ್ದಾರೆ. ಹೇಗೆ ನೋಡಿದರೂ ಹೊತ್ತವಳಿಗೆ ಮಗುವಿನೊಂದಿಗೆ ಸಂಬಂಧವಿದೆ. ಅವಳ ಮಕ್ಕಳನ್ನು ಈ ಮಗು ಮುಂದೆ ಮದುವೆಯಾಗುವಂತಿಲ್ಲ. ಹಣ ಕೊಟ್ಟು ಬಂದವರಿಗೆ ಅವಳ ಹೆಸರೂ ತಿಳಿಯದಿದ್ದರೆ ಆ ಮಗು ಇದನ್ನು ಯಾರನ್ನು ಕೇಳಿ ತಿಳಿಯಬೇಕು?

ಇದು ಕೇವಲ ಗ್ರಂಥದ ಚರ್ಚೆಯಲ್ಲ. ಗುಜರಾತಿನ ಆನಂದ್ ಪಟ್ಟಣಕ್ಕೆ ಒಂದು ಕಾಲದಲ್ಲಿ ಇದಕ್ಕಾಗಿ ಹೊರದೇಶಗಳ ದಂಪತಿಗಳು ಬರುತ್ತಿದ್ದರು. 2008ರ ಜುಲೈಯಲ್ಲಿ ಅಲ್ಲಿ ಜಪಾನಿನ ದಂಪತಿಗಾಗಿ ಹೆಣ್ಣುಮಗುವೊಂದು ಹುಟ್ಟಿತು. ಅಂಡಾಣು ಬೇರೊಬ್ಬಳದು, ಗರ್ಭ ಮತ್ತೊಬ್ಬಳದು. ಹುಟ್ಟುವ ಮೊದಲೇ ದಂಪತಿ ವಿಚ್ಛೇದನ ಪಡೆದಿದ್ದರು. ಪತ್ನಿಗೆ ಮಗು ಬೇಡವಾಯಿತು. ಮೂವರು ಸ್ತ್ರೀಯರ ಪೈಕಿ ತಾಯಿ ಎನ್ನಲು ಒಬ್ಬಳೂ ಮುಂದೆ ಬರಲಿಲ್ಲ. ಪಾಸ್‌ಪೋರ್ಟ್ ಸಿಗದೆ, ಸುಪ್ರೀಮ್ ಕೋರ್ಟಿನವರೆಗೂ ವ್ಯಾಜ್ಯ ಹೋಗಿ, ನವೆಂಬರ್‌ನಲ್ಲಿ ಆ ಮಗು ಅಜ್ಜಿಯೊಂದಿಗೆ ಜಪಾನಿಗೆ ತೆರಳಿತು. ಅದೇ ವರ್ಷ ಅದೇ ಊರಲ್ಲಿ ಜರ್ಮನ್ ದಂಪತಿಗಾಗಿ ಹುಟ್ಟಿದ ಅವಳಿ ಮಕ್ಕಳು 2010ರವರೆಗೂ ದೇಶ ಬಿಡಲಾಗಲಿಲ್ಲ. ಆ ಮೊಕದ್ದಮೆಯಲ್ಲಿ 2009ರಲ್ಲಿ ಗುಜರಾತ್ ಹೈಕೋರ್ಟು, ಹೆತ್ತವಳೇ ಸಹಜ ತಾಯಿ ಎಂಬ ನಿಲುವಿಗೇ ಬಂತು. ಶರೀಅತನ್ನು ಆಧರಿಸದ ನ್ಯಾಯಾಲಯವೂ ಅಲ್ಲಿಗೇ ತಲುಪಿತೆಂಬುದು ಯೋಚಿಸತಕ್ಕ ವಿಷಯ.

ಭಾರತವು 2015ರಲ್ಲಿ ವಿದೇಶಿಯರಿಗೆ ಈ ಬಾಗಿಲು ಮುಚ್ಚಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಹಣಕ್ಕಾಗಿ ಗರ್ಭ ಹೊರುವುದನ್ನೇ ನಿಷೇಧಿಸಿತು. ಇಟಲಿಯು 2024ರಲ್ಲಿ ತನ್ನ ಪ್ರಜೆಗಳು ಹೊರದೇಶಕ್ಕೆ ಹೋಗಿ ಮಾಡಿಸಿದರೂ ಅಪರಾಧವೆಂದಿತು. ಬಡವಳ ದೇಹವನ್ನು ಒಂಬತ್ತು ತಿಂಗಳು ಗುತ್ತಿಗೆ ಪಡೆಯುವ ವ್ಯವಹಾರ ಹಲವರ ಮನಸ್ಸಿಗೆ ಚುಚ್ಚಿದೆ.

ಈಗಾಗಲೇ ಹಾಗೆ ಹುಟ್ಟಿದ ಮಗುವಿನ ಮೇಲೆ ಯಾವ ದೋಷವೂ ಇಲ್ಲ. ಅದನ್ನು ಕೀಳಾಗಿ ಕಾಣುವ ನಾಲಗೆಗಳು ಅಲ್ಲಾಹನಿಗೆ ಉತ್ತರ ಹೇಳಬೇಕಾಗುತ್ತದೆ.

ಮಡಿಲು ಖಾಲಿಯಿರುವವರಿಗೆ ಅನಾಥ ಮಗುವನ್ನು ಸಾಕುವ ದಾರಿ ತೆರೆದೇ ಇದೆ. ಮಗುವಿನ ತಂದೆಯ ಹೆಸರು ಬದಲಿಸಬಾರದು, ಅಷ್ಟೆ. ದೊಡ್ಡದಾದ ಮೇಲೆ ಪರದೆಯ ಸಮಸ್ಯೆ ಬರುತ್ತದಲ್ಲಾ ಎಂದು ಹಲವರು ಹಿಂಜರಿಯುತ್ತಾರೆ. ಎರಡು ವರ್ಷದೊಳಗೆ ಸಾಕುವ ತಾಯಿಯ ಸಹೋದರಿ ಹಾಲುಣಿಸಿದರೆ ಸಾಕುವವಳು ಮಗುವಿಗೆ ಚಿಕ್ಕಮ್ಮ ಅಥವಾ ದೊಡ್ಡಮ್ಮನಾಗುತ್ತಾಳೆ. ಪತಿಯ ಸಹೋದರಿ ಉಣಿಸಿದರೆ ಪತಿ ಸೋದರಮಾವನಾಗುತ್ತಾನೆ. ಶಾಫಿಈ ಮದ್‌ಹಬ್‌ನಲ್ಲಿ ಐದು ಬಾರಿ ಕುಡಿದಿರಬೇಕು, ಹನಫೀ ಮದ್‌ಹಬ್‌ನಲ್ಲಿ ಒಮ್ಮೆ ಸಾಕು. ಸಾಕಿದ ಮಗುವಿಗೆ ವಾರೀಸು ಹಕ್ಕಿಲ್ಲದಿದ್ದರೂ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆದಿಡಬಹುದು. ಬದುಕಿರುವಾಗಲೇ ಕೊಡುವ ಉಡುಗೊರೆಗೆ ಆ ಮಿತಿಯೂ ಇಲ್ಲ.